ಸೂತ್ರದ ಮೂಲೆಯಲ್ಲಿ ನನ್ನ ಹೆಸರು

ಹೊಟ್ಟೆಕಿಚ್ಚು ಹೊರಗಿನವರ ಮೇಲಿದ್ದರೆ ಹೇಗೋ ನಿಭಾಯಿಸಬಹುದು. ಒಡಹುಟ್ಟಿದವಳ ಮೇಲಿದ್ದರೆ ಅದನ್ನು ಇಟ್ಟುಕೊಂಡೇ ದಿನಾ ಅವಳ ಪಕ್ಕ ಕೂತು ಊಟ ಮಾಡಬೇಕಾಗುತ್ತದೆ. ನನ್ನ ತಂಗಿ ಸುಮಿತ್ರೆ ಗಣಿತದಲ್ಲಿ ಬಿ.ಎಸ್ಸಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಸಾಗರದ ಟಾಕೀಸಿಗೆ ಗಾಜಿನ ಸ್ಲೈಡು ಬರೆಯುತ್ತಿದ್ದವನು. ಸಿನಿಮಾಕ್ಕೆ ಮುಂಚೆ ಪರದೆಯ ಮೇಲೆ ಬರುತ್ತಿದ್ದ ಸೀರೆ ಅಂಗಡಿ, ಹಲ್ಲಿನ ಡಾಕ್ಟರು, ‘ನಿಶ್ಶಬ್ದವಾಗಿರಿ’ ಎಲ್ಲ ನನ್ನ ಕೈಯವೇ. ಅಮ್ಮ ಬಂದವರಿಗೆಲ್ಲ ತಂಗಿಯ ಮಾರ್ಕ್ಸ್ ಕಾರ್ಡು ತೋರಿಸುತ್ತಿದ್ದಳು. ನನ್ನ ಕೆಲಸ ನೋಡಬೇಕಾದರೆ ಟಿಕೆಟ್ ತೆಗೆದುಕೊಳ್ಳಬೇಕಿತ್ತು.

ಸುಮಿತ್ರೆಗೆ ಕಾರ್ಗಲ್ಲಿನ ಶಾಲೆಯೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಹೆಡ್‌ಮಾಸ್ತರರು ಅವಳ ಪಾಠ ನೋಡಿ ಒಪ್ಪಿದರೆ ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುವವರಿದ್ದರು. ಸೂತ್ರಗಳನ್ನು ಪರದೆಯ ಮೇಲೆ ತೋರಿಸುವ ಆಸೆ ಅವಳಿಗೆ. ಗಾಜಿನ ಮೇಲೆ ಬರೆಯಬೇಕಾದವನು ನಾನು.

“ಅಣ್ಣಾ, ತೆಳ್ಳಗೆ ಬರಿ ಮಾರಾಯ. ಪುಸ್ತಕದಲ್ಲಿದ್ದಂಗೆ ಅಕ್ಷರ ಓರೆ, ಅಂಕಿ ನೆಟ್ಟಗೆ. ನೆರಳು ಗಿರಳು ಕೊಡ್ಬೇಡ,” ಎಂದಳು.

“ನೀ ಪಾಠ ಮಾಡೆ. ಅಕ್ಷರ ನಂಗ್ ಬಿಡು,” ಎಂದೆ.

ಅಕ್ಷರದಲ್ಲೂ ಅವಳೇ ನನಗೆ ಬುದ್ಧಿ ಹೇಳುವುದೇ? ಹೊಡೆದಾಟದ ಸಿನಿಮಾಗಳ ಹೆಸರು ಬರೆಯುವ ದಪ್ಪ ಅಕ್ಷರಗಳನ್ನೇ ಆರಿಸಿ, ಒಂದೊಂದಕ್ಕೂ ಕೆಂಪು ನೆರಳು ಕೊಟ್ಟೆ. ಅಕ್ಷರದ ತಲೆಯ ಮೇಲೆ ಕೂರಬೇಕಾದ, ವರ್ಗ ಸೂಚಿಸುವ ಪುಟ್ಟ ‘2’ ಆ ನೆರಳಿನಲ್ಲಿ ಮುಳುಗಿಹೋಯಿತು. ಬೋರ್ಡು ಬರೆಯುವವರ ಪದ್ಧತಿಯಂತೆ ಮೂಲೆಯಲ್ಲಿ ‘ವಾಸು ಆರ್ಟ್ಸ್, ಸಾಗರ’ ಎಂದೂ ಹಾಕಿದೆ. ಅದೊಂದು ಮಾತ್ರ ಎಲ್ಲಿಂದ ನೋಡಿದರೂ ಓದುವಂತಿತ್ತು.

ಪಾಠದ ದಿನ ಪ್ರೊಜೆಕ್ಟರಿಗೆ ಸ್ಲೈಡು ತೂರಿಸಲು ನಾನೇ ನಿಂತಿದ್ದೆ. ಪರದೆ ಬೆಳಗಿದ ಕೂಡಲೇ ಮಕ್ಕಳು ಸಿಳ್ಳೆ ಹಾಕಿದರು. ಹುಡುಗಿಯೊಬ್ಬಳು ಎದ್ದು, “ಟೀಚರ್, ವಾಸು ಆರ್ಟ್ಸೂ ಬರ್ಕೊಬೇಕಾ?” ಎಂದು ಕೇಳಿದಳು.

“ಬ್ಯಾಡ. ಅದು ನಮ್ಮಣ್ಣ,” ಎಂದಳು ಸುಮಿತ್ರೆ.

“ಹಂಗಾದ್ರೆ ಸೂತ್ರ ಯಾವ್ದಮ್ಮ?” ಎಂದರು ಹೆಡ್‌ಮಾಸ್ತರರು, ಕನ್ನಡಕ ಒರೆಸಿಕೊಳ್ಳುತ್ತ.

ಅವಳು ಸೀಮೆಸುಣ್ಣ ಹಿಡಿದು ಹೇಗೋ ಪಾಠ ಮುಗಿಸಿದಳು. ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದು ಅವರು ಎದ್ದುಹೋದರು. ಬಸ್ಸಿನಲ್ಲಿ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮತ್ತೆ ಬರೆದೆ. ತೆಳ್ಳಗೆ, ಓರೆಯಾಗಿ, ನೆರಳಿಲ್ಲದೆ, ಹೆಸರಿಲ್ಲದೆ. ಈ ಸಲ ಸಿಳ್ಳೆ ಬರಲಿಲ್ಲ. ಮಕ್ಕಳು ಸೂತ್ರವನ್ನಷ್ಟೇ ಬರೆದುಕೊಂಡರು, ಅವಳ ಕೆಲಸ ಉಳಿಯಿತು. ಸುಮಿತ್ರೆ ಓಡಿಬಂದು, “ಅಣ್ಣಾ, ಎಷ್ಟ್ ಚಂದ ಬಂತು ಗೊತ್ತಾ? ನಿನ್ನ ಅಕ್ಷರ ಯಾರ ಕಣ್ಣಿಗೂ ಬೀಳ್ಲೇ ಇಲ್ಲ,” ಎಂದಳು.

ಅದು ಹೊಗಳಿಕೆಯೆಂದು ನನಗೂ ಗೊತ್ತು. ಸಂತೋಷವೂ ಆಯಿತು, ಸುಳ್ಳಲ್ಲ. ಆದರೆ ಆ ವಾರ ಟಾಕೀಸಿಗೆ ಹೋದವರು ಗಮನಿಸಿರಬಹುದು: ‘ನಿಶ್ಶಬ್ದವಾಗಿರಿ’ ಎಂಬುದು ಒಂದು ಮೂಲೆಯಲ್ಲಿತ್ತು. ಉಳಿದ ಪರದೆಯ ತುಂಬ, ಕೆಂಪು ನೆರಳಿನ ಸಮೇತ, ನಾನೇ ಇದ್ದೆ.