ಕುರಿ ಜೊತೆ ಬಂದ ಜಾಲಿ

ತುಕ್ಕಾನಟ್ಟಿಯ ನಮ್ಮ ಹೊಲ ಯಾರದು ಎಂದು ನಮ್ಮ ಕಾಕಾನನ್ನು ಮಾತ್ರ ಕೇಳಬೇಡಿ! ಮೊದಲು ಕುರಿಗಳದು ಎನ್ನುತ್ತಾನೆ, ಆಮೇಲೆ ಗೀಜಗನ ಹಕ್ಕಿಗಳದು, ಆಮೇಲೆ ಬದುವಿನ ಇರುವೆಗಳದು. ಪಹಣಿಯಲ್ಲಿ ಹೆಸರಿರುವ ನಾನು ಕಟ್ಟಕಡೆಗೆ, ಅದೂ ನೆನಪಾದರೆ!

ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಕುರಿಗಾರರನ್ನು ಕರೆಸಿ ರಾತ್ರಿ ಹೊಲದಲ್ಲಿ ಕುರಿ ಕೂಡಿಸುವುದು ನಮ್ಮ ಕಡೆಯ ಪದ್ಧತಿ. ಕುರಿಗಳೋ, ದಾರಿಯುದ್ದಕ್ಕೂ ಜಾಲಿಕಾಯಿ ಮೇಯುತ್ತ ಬಂದು, ಬೀಜವನ್ನೆಲ್ಲ ಹಿಕ್ಕೆಯ ಜೊತೆ ನಮ್ಮಲ್ಲಿ ಉದುರಿಸಿ ಹೋಗುತ್ತವೆ. ಮಳೆ ಬಿದ್ದರೆ ಸಾಕು, ಸಜ್ಜೆಗಿಂತ ಮೊದಲು ಜಾಲಿ ಏಳುತ್ತದೆ! ಎಲ್ಲರೂ ಕಿತ್ತು ಬಿಸಾಡುತ್ತಾರೆ. ಕಾಕಾನೂ ಕೀಳುತ್ತಾನೆ, ಆದರೆ ಒಂದನ್ನು ಬಿಟ್ಟ. ಎಲ್ಲಿ? ಸರಿಯಾಗಿ ಟ್ರ್ಯಾಕ್ಟರ್ ತಿರುಗುವ ಜಾಗದಲ್ಲಿ!

ಅದು ಬೆಳೆದು ಗಿಡವಾಗಿ ನನ್ನ ಟೈರುಗಳಿಗೆ ಮುಳ್ಳು ಹಾಸಿತು. ಮೂಡಲಗಿಯ ಪಂಕ್ಚರ್ ಅಂಗಡಿಯವನು ಈಗ ನನ್ನನ್ನು ಕಂಡರೆ ಚಹಾ ತರಿಸಿ, "ಕಾಕಾರು ಆರಾಮ ಅದಾರೇನ್ರಿ?" ಎಂದು ಕೇಳುತ್ತಾನೆ. ಯಾಕೆ ಕೇಳಬಾರದು? ಅವನ ಅಂಗಡಿ ನಡೆಸುತ್ತಿರುವುದೇ ಕಾಕಾ!

ಸಾಲದ್ದಕ್ಕೆ, ಮುಳ್ಳಿನ ಗಿಡಕ್ಕೆ ಬೆಕ್ಕು ಹತ್ತುವುದಿಲ್ಲವೆಂದು ಗೀಜಗಗಳು ಬಂದು ಗೂಡು ನೇಯ್ದವು. ಸಜ್ಜೆ ತೆನೆ ಹಾಲುಗಟ್ಟಿದ್ದೇ ತಡ, ಹೊಲಕ್ಕಿಳಿದವು.

"ಕಾಕಾ, ಅರ್ಧ ಸಜ್ಜಿ ಹಕ್ಕಿ ಹೊಟ್ಟಿಗೆ ಹೋತು!" ಎಂದು ಕೂಗಾಡಿದೆ.

"ನಮ್ಮ ಹೊಲದ ಹುಳಾ ಆರಿಸಿ ಮರಿಗೆ ಹಾಕ್ಯಾವಲ್ಲೋ. ಬರೇ ಪಲ್ಯಾ ತಿನ್ರಿ, ರೊಟ್ಟಿ ಮುಟ್ಟಬ್ಯಾಡ್ರಿ ಅಂದ್ರ ಯಾವ ಬೀಗರು ಸುಮ್ನ ಇರತಾರ?"

ಇಂಥವನ ಜೊತೆ ಹೇಗೆ ಏಗುವುದು, ನೀವೇ ಹೇಳಿ! ಮೊನ್ನೆ ನನ್ನ ತಾಳ್ಮೆ ತಪ್ಪಿತು. ಗೋಕಾಕದಿಂದ ಹೊಸ ಕೊಡಲಿ ತಂದು ನೇರ ಹೊಲಕ್ಕೆ ಹೋದೆ. ಕಾಕಾ ಜಾಲಿಗೆ ಬೆನ್ನು ಹಚ್ಚಿ ಕುಳಿತಿದ್ದ.

"ಬಾಜೂಕ ಸರಿ ಕಾಕಾ. ಇದನ್ನ ಯಾರೂ ನೆಟ್ಟಿಲ್ಲ, ಯಾರೂ ಬೇಡಿಲ್ಲ. ಕುರಿ ಜೋಡಿ ಬಂದದ್ದು ಇದು!"

ಕಾಕಾ ಏಳಲಿಲ್ಲ. "ನಾನೂ ಹಂಗ ಬಂದಾಂವ ಅಲ್ಲೇನೋ?" ಎಂದ.

ಕೊಡಲಿ ಎತ್ತಿದ್ದ ಕೈ ತಾನೇ ಇಳಿಯಿತು. ಹಿಂದೆ ಕುರಿ ಕೂಡಿಸಲು ಬಂದವರ ಪೈಕಿ ಒಬ್ಬಾಕೆ ನಮ್ಮ ಹೊಲದಲ್ಲೇ ಹೆತ್ತು, ಅಲ್ಲೇ ತೀರಿಕೊಂಡಳಂತೆ. ಆ ಕೂಸಿಗೆ ನಮ್ಮ ಅಜ್ಜಿ, ನಮ್ಮಪ್ಪನಿಗೆ ಕುಡಿಸುತ್ತಿದ್ದ ಹಾಲನ್ನೇ ಕುಡಿಸಿ ಬೆಳೆಸಿದಳು. ನನಗೆ ಬುದ್ಧಿ ಬಂದಾಗಿನಿಂದ ಅವನು ಕಾಕಾ, ಅಷ್ಟೇ. ಎಲ್ಲಿಂದ ಬಂದನೆಂಬುದನ್ನು ಮನೆಯಲ್ಲಿ ಎಲ್ಲರೂ ಮರೆತೇಬಿಟ್ಟಿದ್ದೆವು. ಅವನು ಮಾತ್ರ ಮರೆತಿರಲಿಲ್ಲ.

ಕೊಡಲಿ ಕೆಳಗಿಟ್ಟೆ.

"ನೋಡಿ ಕೂಡ್ರೋ, ಮುಳ್ಳ ಅದಾವು," ಎಂದು ಕಾಕಾ ತನ್ನ ಪಕ್ಕದ ನೆಲವನ್ನು ಅಂಗೈಯಿಂದ ಸವರಿ, ನನಗೂ ಒಂದಿಷ್ಟು ಜಾಗ ಮಾಡಿಕೊಟ್ಟ.