ಕೆಡವುವವನ ಕಟ್ಟಡ ದರ್ಶನ

ಹಳೆಯ ಕಟ್ಟಡ ಕಂಡರೆ ಕೆಲವರಿಗೆ ಇತಿಹಾಸ ನೆನಪಾಗುತ್ತದೆ, ಕೆಲವರಿಗೆ ಫೋಟೊ. ನನಗೆ ಮಾತ್ರ ಅದು ಯಾವ ಕಡೆ ಬೀಳಬಹುದು ಎಂಬ ಯೋಚನೆ ಬರುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಮೂವತ್ತು ವರ್ಷ ಸರ್ಕಾರಿ ಎಂಜಿನಿಯರಾಗಿ ದುಡಿದವನ ರೋಗ ಇದು. ನನ್ನ ಕೈಯಿಂದ ಎದ್ದ ಕಟ್ಟಡಗಳು ಬೆರಳೆಣಿಕೆಯಷ್ಟು. ನನ್ನ ಸಹಿಯಿಂದ ಬಿದ್ದವಕ್ಕೆ ಲೆಕ್ಕವಿಲ್ಲ. ನಿಜಾಮನ ಕಾಲದ ಕಚೇರಿಯಿರಲಿ, ಕಲ್ಲಿನ ಶಾಲೆಯಿರಲಿ, "ಪರಿಶೀಲಿಸಲಾಗಿ, ಸದರಿ ಕಟ್ಟಡವು ಶಿಥಿಲಗೊಂಡಿದ್ದು ತೆರವುಗೊಳಿಸಬಹುದು" ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಈಗ ನಿವೃತ್ತನಾಗಿ ಸಿಂಧನೂರಿನಲ್ಲಿ ಅಂಗಾತ ಮಲಗಿ, ನನ್ನ ಮನೆಯ ಮಾಳಿಗೆಯನ್ನೇ ಅನುಮಾನದಿಂದ ನೋಡುತ್ತಿರುತ್ತೇನೆ.

ಇಂಥವನು ಮಂಗಳೂರಿನ ಹಳೆಯ ಕಟ್ಟಡಗಳನ್ನು ನಡೆದು ನೋಡುವ ಗುಂಪಿಗೆ ಸೇರಿದ್ದು ಹೆಂಡತಿ ಶರಣಮ್ಮನ ಹಟದಿಂದ. ಧರ್ಮಸ್ಥಳ ಮುಗಿಸಿ ಬಂದಿದ್ದೆವು. ಲಾಡ್ಜಿನ ಗೋಡೆಗೆ ಅಂಟಿಸಿದ್ದ ಕಾಗದ ಓದಿದವಳೇ, "ಹೋಗೂಣ್ರೀ, ನೀವು ಕಟ್ಟಡದ ಸಾಹೇಬ್ರು ಅಲ್ಲೇನು?" ಎಂದಳು. ನಮ್ಮ ಕಡೆಯ ಬಿಸಿಲು ಸುಡುತ್ತದೆ, ಅಲ್ಲಿಯದು ಬೇಯಿಸುತ್ತದೆ. ಟೋಪಿ ಹಾಕಿದ ಹುಡುಗಿಯೊಬ್ಬಳು ಮುಂದೆ ನಡೆಯುತ್ತ ವಿವರಿಸುತ್ತಿದ್ದಳು. ನಾನು ಹಿಂದೆ ಮಂಡಿನೋವು ಎಳೆಯುತ್ತ, ರೂಢಿಯಂತೆ ಪ್ರತಿ ಗೋಡೆಗೂ ಬೆರಳಿನಿಂದ ಬಡಿದು ಸದ್ದು ಕೇಳುತ್ತಿದ್ದೆ. "ಬಡಿಯಬೇಡಿ ಮಾರಾಯ್ರೆ, ಪಾಪ, ಅದರಷ್ಟಕ್ಕೆ ನಿಂತಿದೆ" ಎಂದಳು ಹುಡುಗಿ. ಹಂಚಿನ ಮನೆ, ಕ್ರೈಸ್ತರ ಇಗರ್ಜಿ, ಬಂದರಿನ ಗೋದಾಮು, ಒಂದಾದರೂ ಬೀಳುವ ಲಕ್ಷಣ ತೋರಿಸಲಿಲ್ಲ. ನನಗಿಂತ ಹಿರಿಯವು ಇಷ್ಟು ಗಟ್ಟಿಯಾಗಿರುವುದು ಕಂಡು ಮನಸ್ಸು ಇನ್ನಷ್ಟು ಕುಗ್ಗಿತು.

ಕೊನೆಗೆ ಬಂದದ್ದು ಒಂದು ಹಳೆಯ ಶಾಲೆ. ಮಕ್ಕಳು ಈಗಲೂ ಅಲ್ಲಿ ಕಲಿಯುತ್ತಾರಂತೆ. ಶರಣಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ನಮ್ಮ ಸಾಲೀನೂ ಹಿಂಗ ಇತ್ತಲ್ರೀ!"

ಗೋಡೆ ಬಡಿಯುತ್ತಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ. ಮಸ್ಕಿಯ ಹತ್ತಿರದ ಅವಳ ತವರೂರಿನ ಆ ಶಾಲೆಯನ್ನು ಕೆಡವಿದಾಗ ಅವಳು ಎರಡು ದಿನ ಉಂಡಿರಲಿಲ್ಲ. ಗೇಟಿಗೆ ಅಂಟಿಸಿದ್ದ ವರದಿಯನ್ನು ಬಾಯಿಪಾಠ ಮಾಡಿಕೊಂಡು ಬಂದು, "ಯಾರ ಬರದಾರ್ರೀ ಇದನ್ನ?" ಎಂದು ಕೇಳಿದ್ದಳು. ಸಹಿಯ ಮೇಲೆ ಮಸಿ ಹರಡಿ ಹೆಸರು ಓದಲಾಗದಂತಿದ್ದುದು ನನ್ನ ಪುಣ್ಯ. "ಯಾರೋ ಮ್ಯಾಲಿನವ್ರು. ನನ್ನ ಕೈಯಾಗ ಏನೈತಿ?" ಎಂದಿದ್ದೆ. ಅಂದಿನಿಂದ ಆ ಮ್ಯಾಲಿನವರಿಗೆ ಅವಳು ಹಾಕಿದ ಶಾಪವನ್ನೆಲ್ಲ ಎದುರಿಗೆ ಕೂತು ಕೇಳಿಸಿಕೊಂಡಿದ್ದೇನೆ. ನನ್ನ ಮಂಡಿನೋವಿಗೆ ಡಾಕ್ಟರು ಬೇರೆ ಕಾರಣ ಹೇಳುತ್ತಾರೆ.

ಅಷ್ಟರಲ್ಲಿ ಹುಡುಗಿ ದಪ್ಪ ಪುಸ್ತಕವೊಂದನ್ನು ಮುಂದಿಟ್ಟಳು. "ಸರ್, ನೀವು ಎಂಜಿನಿಯರ್ ಅಂತೆ. ಕಟ್ಟಡದ ಬಗ್ಗೆ ಎರಡು ಸಾಲು ಬರೆಯಿರಿ." ಮನಸ್ಸು ಮಸ್ಕಿಯಲ್ಲಿತ್ತು, ಪೆನ್ನು ಕೈಯಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಓಡಿತು. ಕೆಳಗೆ ಸಹಿಯನ್ನೂ ಜಡಿಯಿತು.

ಶರಣಮ್ಮ ಕನ್ನಡಕ ಏರಿಸಿ ಬಗ್ಗಿದಳು. "ಪರಿಶೀಲಿಸಲಾಗಿ..." ಎಂದು ಓದಿ, ಒಂದು ಕ್ಷಣ ತಡೆದು, ಉಳಿದದ್ದನ್ನು ಪುಸ್ತಕ ನೋಡದೆಯೇ ಹೇಳಿ ಮುಗಿಸಿದಳು. ಹುಡುಗಿ ತಮಾಷೆಯೆಂದುಕೊಂಡು ನಕ್ಕಳು. ನಾವಿಬ್ಬರೂ ನಗಲಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ಅವಳು ಸೆರಗಿನಿಂದ ಕನ್ನಡಕ ಒರೆಸುತ್ತಲೇ ಇದ್ದಳು. ಕೊನೆಗೆ ಅವಳೇ, "ಹೋಗ್ಲಿ ಬಿಡ್ರಿ. ನಮ್ಮ ಸಾಲಿ ಒಳಗ ಹೋಗಿ ನೋಡೇ ಬರದೀರಿ, ಹೌದಲ್ರೀ?" ಎಂದಳು.

ಅಂದು ಬಿಸಿಲು ಜೋರಾಗಿತ್ತು. ನಾನು ಜೀಪಿನಿಂದ ಇಳಿದೇ ಇರಲಿಲ್ಲ.

"ಹೂಂ ಮತ್ತ" ಎಂದೆ.

ಅವಳ ಮುಖ ತುಸು ತಿಳಿಯಾಯಿತು. "ಹಂಗಾರ ಗ್ವಾಡಿ ಮ್ಯಾಲಿನ ದೊಡ್ಡ ನಕಾಶೆ ನೋಡಿರ್ತೀರಿ. ಸಮುದ್ರಕ್ಕ ನೀಲಿ ಹಚ್ಚಿದಾಕಿ ನಾನ. ಬಣ್ಣ ಇನ್ನೂ ಉಳಿದಿತ್ತೇನ್ರೀ?"

"ಭಾಳ ಛಂದ ಉಳಿದಿತ್ತು" ಎಂದೆ. ನೋಡದೆ ವರದಿ ಕೊಡುವ ಕೆಲಸದಿಂದ ನನಗಿನ್ನೂ ನಿವೃತ್ತಿಯಾಗಿಲ್ಲ.