ನಿಯೋಜಿತ ಮಗು

ಜೂನ್ ಹನ್ನೆರಡು, ಗುರುವಾರ. ಮೋಡ ಕವಿದಿತ್ತು, ಮಳೆ ಬರಲಿಲ್ಲ. ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ ಕತೆ ಓದಿ ಹೇಳುವುದು ಹೇಗೆಂದು ತಂದೆತಾಯಿಯರಿಗೂ ಹದಿಹರೆಯದವರಿಗೂ ಕಲಿಸುವ ತರಬೇತಿ ಶಿಬಿರ ಅಂದು ವಿಧ್ಯುಕ್ತವಾಗಿ ಆರಂಭವಾಯಿತು. ಶಿಬಿರ ಮುಗಿಸಿದ ಪ್ರತಿಯೊಬ್ಬ ತಂದೆ ಅಥವಾ ತಾಯಿಗೆ ಒಂದು ಚಿತ್ರಪುಸ್ತಕ ಕೊಡಲಾಗುವುದೆಂದು ಪ್ರಕಟಣೆಯಲ್ಲಿತ್ತು.

ಬಟ್ಟೆ ಹೊಲಿಯುವ ಒಬ್ಬಾಕೆ ಬಂದದ್ದು ಆ ಪುಸ್ತಕಕ್ಕಾಗಿಯೇ. ಅವಳ ನಾಲ್ಕು ವರ್ಷದ ಮಗಳು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರದ ಕಾರಣ ಬೀದಿಯವರು ಅವಳನ್ನು ಗಿಣಿ ಎಂದು ಕರೆಯುತ್ತಿದ್ದರು. ಮನೆಯಲ್ಲಿ ಪುಸ್ತಕವಿಲ್ಲದ್ದರಿಂದ ಗಿಣಿ ದಾರದುಂಡೆಗಳ ಮೇಲಿನ ಚೀಟಿಗಳನ್ನೇ ಕತೆಯೆಂದು ಓದಿಸಿಕೊಳ್ಳುತ್ತಿದ್ದಳು. ‘ಬಣ್ಣ ಬಿಡುವುದಿಲ್ಲ’ ಎಂಬ ಕತೆ ಬಾಯಿಪಾಠವಾಗಿ, ಈಗೀಗ “ಆಮೇಲೇನಾಯ್ತು?” ಎಂದು ಪ್ರಾಣ ಹಿಂಡತೊಡಗಿದ್ದಳು. ಆಮೇಲೇನೂ ಆಗುವುದಿಲ್ಲವೆಂದು ಹೇಳಲು ತಾಯಿಗೆ ಬಾಯಿ ಬರುತ್ತಿರಲಿಲ್ಲ.

ಗಿಣಿಯನ್ನೂ ಹೈಸ್ಕೂಲಿಗೆ ಹೋಗುವ ಮಗನನ್ನೂ ಕರೆದುಕೊಂಡು ಹೊಲಿಗೆಯಾಕೆ ಶಿಬಿರಕ್ಕೆ ಹೋದಳು. ಸಂಯೋಜಕರು ಬಾಗಿಲಲ್ಲೇ ತಡೆದರು.

“ಮಗೂನ ಒಳಗೆ ಬಿಡೋ ಹಾಗಿಲ್ಲಮ್ಮಾ.”

“ಮಕ್ಕಳಿಗೋಸ್ಕರ ತಾನೇ ಸಾರ್ ಈ ಶಿಬಿರ?”

“ಅದಕ್ಕೇ ಹೇಳಿದ್ದು. ಮಕ್ಕಳು ಬಂದ್ರೆ ಪುಸ್ತಕ ಮುಟ್ತಾರೆ. ಮುಟ್ಟಿದ್ರೆ ಹರೀತಾರೆ. ಹರಿದುಹೋದ್ರೆ ಆಮೇಲೆ ಮಕ್ಕಳಿಗೆ ಏನು ಕೊಡೋದು?”

ಗಿಣಿಯನ್ನು ಪಕ್ಕದ ಬೀದಿಯ ಅತ್ತೆಯ ಮನೆಯಲ್ಲಿ ಬಿಟ್ಟು ಬರಲಾಯಿತು.

ಒಳಗೆ ಪುಸ್ತಕಗಳು ಗಾಜಿನ ಬೀರುವಿನಲ್ಲಿ ಸುರಕ್ಷಿತವಾಗಿದ್ದವು. ಅಭ್ಯಾಸಕ್ಕೆಂದು ಪುಸ್ತಕದಷ್ಟೇ ಅಗಲದ ಖಾಲಿ ರಟ್ಟನ್ನು ಎಲ್ಲರಿಗೂ ಹಂಚಿದರು. ಓದುವವರು ಸಿದ್ಧರಾದರು, ಕೇಳುವ ಮಗು ಇರಲಿಲ್ಲ. ಸಂಯೋಜಕರು ಎದ್ದು ನಿಂತು ನಿಯಮ ಓದಿದರು: “ಮಕ್ಕಳು ಲಭ್ಯವಿಲ್ಲದ ಸಂದರ್ಭದಲ್ಲಿ, ಹಾಜರಿರುವವರಲ್ಲಿ ಅತಿ ಕುಳ್ಳಗಿರುವವರನ್ನು ಮಗುವೆಂದು ನಿಯೋಜಿಸತಕ್ಕದ್ದು.” ಎಲ್ಲರ ಕಣ್ಣೂ ಹೊಲಿಗೆಯಾಕೆಯ ಕಡೆ ತಿರುಗಿತು.

“ಇನ್ನು ಮೇಲೆ ನೀವು, ಅಲ್ಲ, ನೀನು ಮಗು,” ಎಂದರು ಸಂಯೋಜಕರು.

ಮೊದಲ ಸರದಿ ಅವಳ ಮಗನದೇ. ಆಗಷ್ಟೇ ಒಡೆಯುತ್ತಿದ್ದ ಗಂಟಲಲ್ಲಿ ಅವನು ರಟ್ಟು ನೋಡಿ ಓದಿದ: “ಒಂದೂರಲ್ಲಿ ಒಂದು ಆನೆ ಇತ್ತು, ಪುಟ್ಟಾ.”

“ಯಾಕಿತ್ತು?” ಎಂದಳು ತಾಯಿ. ಗಿಣಿಯನ್ನು ಸಾಕಿದ್ದು ವ್ಯರ್ಥವಾಗಿರಲಿಲ್ಲ. “ಅದರ ಅಮ್ಮ ಎಲ್ಲಿ? ನಂಗೆ ಉಚ್ಚೆ ಬಂತು. ಆನೆಗೂ ಬಂತಾ?”

ಮಗ ಬೆವರಿದ. ತಾಯಿ ಮೇಜಿನ ಕೆಳಗೆ ನುಸುಳಿದಳು, ರಟ್ಟಿನ ಅಂಚು ಕಚ್ಚಿದಳು, ನೆಲದ ಮೇಲೆ ಉರುಳಾಡಿದಳು. ನಲ್ಲಿ ರಿಪೇರಿ ಮಾಡುವ ಒಬ್ಬ ತಂದೆ ಸಮಾಧಾನ ಮಾಡಲೆಂದು ಹೆಗಲ ಮೇಲೆ ಕೂರಿಸಿಕೊಳ್ಳಲು ಹೋಗಿ ಸೊಂಟ ಹಿಡಿಸಿಕೊಂಡ.

“ಅಮ್ಮಾ, ಮಾನ ಹೋಗ್ತಿದೆ, ಏಳು,” ಎಂದು ಮಗ ಪಿಸುಗುಟ್ಟಿದ.

“ಮಗೂನ ಅಮ್ಮ ಅಂತ ಕರೀಬಾರದು,” ಸಂಯೋಜಕರು ಗದರಿದರು. “ಅಂಕ ಕಳೀತೀನಿ.”

ಒಂದು ದಿನ ತಪಾಸಣಾಧಿಕಾರಿಗಳು ಬಂದರು. ಶಿಬಿರದಲ್ಲಿ ನಿಜಕ್ಕೂ ಒಂದು ಮಗು ಇದ್ದದ್ದನ್ನು ಕಂಡು ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬೇರೆ ಶಿಬಿರಗಳಲ್ಲಿ ಅದೂ ಇರಲಿಲ್ಲವಂತೆ.

“ವಯಸ್ಸೆಷ್ಟು ಪುಟ್ಟೀ?”

ಅವಳು ನಾಲ್ಕು ಬೆರಳು ತೋರಿಸಿದಳು.

“ವಯಸ್ಸಿಗೆ ಬೆಳವಣಿಗೆ ಚೆನ್ನಾಗಿದೆ,” ಎಂದರು ಅಧಿಕಾರಿಗಳು. ಈ ಬೆಳವಣಿಗೆ ತನ್ನಿಂದಲೇ ಆದದ್ದೆಂದು ಪೌಷ್ಟಿಕ ಆಹಾರ ವಿಭಾಗ ಮರುದಿನವೇ ಹೇಳಿಕೆ ಕೊಟ್ಟಿತು.

ಸಮಾರೋಪದ ದಿನ ಬೀರುವಿನ ಬೀಗ ತೆಗೆದರು. ನಲ್ಲಿಯವನು ಸೊಂಟ ಹಿಡಿದುಕೊಂಡೇ ಆನೆಯ ಪುಸ್ತಕ ಪಡೆದ. ಮಗನಿಗೆ ಪ್ರಮಾಣಪತ್ರ ಬಂತು. ಹೊಲಿಗೆಯಾಕೆ ಕೈ ಚಾಚಿದಳು.

“ಪುಸ್ತಕ ತಂದೆತಾಯಿಗೆ,” ಎಂದರು ಸಂಯೋಜಕರು. “ನೀನು ಮಗು. ಹರೀತೀಯ.”

“ಸಾರ್, ಮನೇಲಿ ನನ್ನ ಮಗು ಕಾಯ್ತಿದೆ ಸಾರ್.”

“ಮಗುವಿಗೆ ಮಗು ಎಲ್ಲಿಂದ ಬಂತು?”

ಅವಳಿಗೆ ಗಿಣಿಯ ಮುಖ ನೆನಪಾಯಿತು. ಎಲ್ಲರ ಎದುರೇ ಬಿಕ್ಕಿ ಬಿಕ್ಕಿ ಅತ್ತಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಷ್ಟು ದಿನದಲ್ಲಿ ಇಷ್ಟು ಸಹಜವಾಗಿ ಅವಳು ಅತ್ತಿರಲಿಲ್ಲ. ಸಂಯೋಜಕರು ಕಣ್ಣೊರೆಸಿಕೊಂಡು ಮುಂದಿನ ಶಿಬಿರಕ್ಕೂ ಅವಳನ್ನೇ ಮಗುವೆಂದು ಘೋಷಿಸಿದರು. ನಿಯೋಜಿತ ಮಗುವಿಗೆ ಸಂಭಾವನೆ ಉಂಟು, ಆದರೆ ಮಕ್ಕಳ ಕೈಗೆ ಹಣ ಕೊಡುವಂತಿಲ್ಲವಾದ್ದರಿಂದ ವಯೋಮಾನಕ್ಕೆ ತಕ್ಕ ರೂಪದಲ್ಲಿ ಸಂದಾಯ ಮಾಡಲಾಯಿತು. ಅವಳು ಸಹಿ ಹಾಕಲು ಪೆನ್ನು ಹಿಡಿದಾಗ ಕೈ ಹಿಡಿದು ನಿಲ್ಲಿಸಿ, ಮಗುವಿಗೆ ಬರೆಯಲು ಬರಬಾರದೆಂದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಗಿಣಿ ಹೊಸ್ತಿಲಲ್ಲೇ ಕೂತಿದ್ದಳು. “ಪುಸ್ತಕ ತಂದ್ಯಾ?”

“ಇಲ್ಲ ಕಣೇ. ನಾನು ಮಗು ಅಂತೆ. ಅಮ್ಮಂದಿರಿಗೆ ಮಾತ್ರ ಕೊಡ್ತಾರೆ.”

ಗಿಣಿ ಯೋಚಿಸಿದಳು. “ಹಾಗಾದ್ರೆ ಮುಂದಿನ ಸಲ ನಾನು ಅಮ್ಮ. ನಾನೇ ಹೋಗಿ ಇಸ್ಕೊಂಡು ಬರ್ತೀನಿ. ನೀನು ಅಳದೆ ಅತ್ತೆ ಮನೇಲಿರು.”

“ಅಡ್ಡಿಯಿಲ್ಲ,” ಎಂದ ಪ್ರಮಾಣಪತ್ರ ಪಡೆದ ಮಗ. “ಅಮ್ಮಂಗೆ ಇಷ್ಟೇ ಎತ್ತರ ಇರಬೇಕು ಅಂತ ನಿಯಮ ಇಲ್ಲ.”

ತಾಯಿಗೂ ಅದು ನ್ಯಾಯವಾಗಿ ಕಂಡಿತು.

“ನಿಂಗೇನು ಕೊಟ್ರು?” ಎಂದಳು ಗಿಣಿ.

ತಾಯಿ ಮುಷ್ಟಿ ಬಿಚ್ಚಿದಳು. ಒಂದು ಕೆಂಪು ಬಲೂನು, ಚಪ್ಪಟೆಯಾಗಿ ಬಿದ್ದಿತ್ತು.

“ಊದು!”

“ಅದಕ್ಕೆ ಬೇರೆ ತರಬೇತಿ ಆಗ್ಬೇಕಂತೆ,” ಎಂದಳು ತಾಯಿ.

ಗಿಣಿ ಒಪ್ಪಿ ತಲೆಯಾಡಿಸಿದಳು.